ಸೋದರಮಾವನಿಗೆ ಕೊಟ್ಟ ಮೊಲ

ಎಮ್ಮೆ ಸಾಕಿದರೆ ಹಾಲು, ಕೋಳಿ ಸಾಕಿದರೆ ತತ್ತಿ, ಮೊಲ ಸಾಕಿದರೆ ಏನು ಎಂದು ನಾಲತವಾಡದ ಜನ ಗೌಸಬಿಯನ್ನು ಕೇಳಿ ಕೇಳಿ ದಣಿದರು. ನೋಡಲಿಕ್ಕೆ ಚಂದ ಇರುತ್ತವೆ ಎಂಬ ಒಂದೇ ಉತ್ತರ ಕೊಟ್ಟು ಅವಳು ಮುಂದೆ ಹೋಗಿಬಿಡುತ್ತಿದ್ದಳು. ಬರೀ ಚಂದಕ್ಕಾಗಿ ಒಂದು ಜೀವ ಸಾಕಬಹುದು ಎಂದು ಊರಿಗೆಲ್ಲ ತಿಳಿಸಿ ಹೇಳುವಷ್ಟು ಪುರುಸೊತ್ತು ಅವಳಿಗೆಲ್ಲಿತ್ತು? ಗಂಡ ಗೈಬುಸಾಬನದು ಬಸ್ ನಿಲ್ದಾಣದ ಹತ್ತಿರ ಟೇಲರ್ ಅಂಗಡಿ. ಅಲ್ಲಿ ಉಳಿದ ಚಿಂದಿಗಳನ್ನು ತಂದು ಅವಳು ಕೌದಿ ಹೊಲಿಯುತ್ತಿದ್ದಳು. ಕೌದಿ ಹೊಲಿಯುವ ಕೈಗೆ ಬಣ್ಣದ ಹುಚ್ಚು ಅಂಟಿಕೊಂಡೇ ಇರುತ್ತದೆ.

ಆ ಹುಚ್ಚಿಗೆ ಪಾಲುದಾರಳು ಪಕ್ಕದ ಮನೆಯ ಸುಮಿತ್ರಾಬಾಯಿ. ಎರಡು ಹಿತ್ತಲುಗಳ ನಡುವೆ ಒಂದು ಕಲ್ಲುಗೋಡೆ, ಗೋಡೆಯಲ್ಲೊಂದು ದಿಡ್ಡಿ ಬಾಗಿಲು. ಎಂಥ ದೊಡ್ಡ ಮನುಷ್ಯರಾದರೂ ತಲೆ ಬಗ್ಗಿಸಿಯೇ ದಾಟಬೇಕಾದ ಆ ಬಾಗಿಲಿಗೆ ಅಗಳಿ ಇತ್ತು, ಆದರೆ ಅದನ್ನು ಹಾಕಿದ್ದು ಯಾರಿಗೂ ನೆನಪಿರಲಿಲ್ಲ. ಸುಮಿತ್ರಾಬಾಯಿಯ ಗಂಡ ರೇವಪ್ಪ ತೊಗರಿ ಬೆಳೆಯುವ ರೈತ. ಒಬ್ಬನೇ ಮಗ ಸಂಜೀವಕುಮಾರನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಆದರೆ ಕೈಯಲ್ಲಿ ಕುಂಚ ಹಿಡಿದನೆಂದರೆ ಸುತ್ತಲಿನವರ ಮಾತು ನಿಲ್ಲುತ್ತಿತ್ತು. ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಯವರೆಗೆ ಅಂಗಡಿಗಳ ಬೋರ್ಡುಗಳೆಲ್ಲ ಅವನವೇ. ಡಬ್ಬಿಯ ಬಣ್ಣವನ್ನು ಇದ್ದ ಹಾಗೇ ಬಳಿಯುವ ಗಿರಾಕಿ ಅವನಲ್ಲ. ಬಾಳೆಹಣ್ಣಿನ ಅಂಗಡಿಗೆ ಒಂದು ಹಳದಿ, ಬಂಗಾರದ ಅಂಗಡಿಗೆ ಇನ್ನೊಂದು ಹಳದಿ ಕಲಸಿಯೇ ಕಲಸುವನು.

ಹೆಣ್ಣು ಮೊಲಗಳ ಗೂಡು ಗೌಸಬಿಯ ಕಡೆ, ಗಂಡು ಮೊಲಗಳ ಗೂಡು ಸುಮಿತ್ರಾಬಾಯಿಯ ಕಡೆ. ಜೋಡಿ ಮಾಡುವಾಗ ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಬೇಕು. ಗಂಡನ್ನು ತಂದು ಹೆಣ್ಣಿನ ಗೂಡಿಗೆ ಬಿಟ್ಟರೆ ಹೆಣ್ಣು ತನ್ನ ಮನೆಗೆ ಕಳ್ಳ ಹೊಕ್ಕನೆಂದು ಕಚ್ಚಿ ಅಟ್ಟುತ್ತದೆ. ಹಾಗಾಗಿ ಗೌಸಬಿ ಪ್ರತಿ ಸಲ ಹೆಣ್ಣು ಮೊಲವನ್ನು ಸೆರಗಿನಲ್ಲಿ ಸುತ್ತಿಕೊಂಡು ದಿಡ್ಡಿ ದಾಟುವಳು, ಸುಮಿತ್ರಾಬಾಯಿ ಬೀಗರು ಬಂದರೆಂದು ಚಹಾಕ್ಕಿಡುವಳು. ಮರಿಗಳನ್ನು ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲ. ಸಾಕುತ್ತೇವೆಂದು ಒಯ್ದು ಒಲೆಗೇರಿಸಿದರೆ? ಕೊಟ್ಟ ಮನೆಗೆ ಇಬ್ಬರೂ ಹೇಳದೆ ಕೇಳದೆ ಹೋಗಿ, ಮಗಳ ಸಂಸಾರ ನೋಡಿಬಂದ ಹಾಗೆ ಮರಿಯನ್ನು ನೋಡಿ ಬರುತ್ತಿದ್ದರು.

ಬಾದಲ್ ಬಂದದ್ದು ತೊಂಬತ್ತಾರರ ಚಳಿಗಾಲದಲ್ಲಿ. ಗೌಸಬಿಯ ತಮ್ಮ ಅಬ್ದುಲರಜಾಕ ಇಂಡಿಯಿಂದ ಸೋಲಾಪುರಕ್ಕೆ ಲಾರಿಯಲ್ಲಿ ನಿಂಬೆಹಣ್ಣು ಸಾಗಿಸುವವನು. ಒಮ್ಮೆ ಖಾಲಿ ನಿಂಬೆ ಬುಟ್ಟಿಯೊಳಗೆ ಹುಲ್ಲು ಹಾಸಿ ಒಂದು ಗಂಡು ಮೊಲ ತಂದ. ಬುಟ್ಟಿಯ ಬಾಯಿ ತೆರೆದಾಗ ಇಬ್ಬರೂ ಹೆಂಗಸರು ಒಟ್ಟಿಗೆ ಅದರ ಮೇಲೆ ಬಗ್ಗಿದರು. ಬಿಳಿ ಮೊಲ, ಕರಿ ಮೊಲ, ಕಂದು ಮೊಲ ಅವರು ಕಂಡಿದ್ದರು, ಇಂಥದ್ದನ್ನು ಕಂಡಿರಲಿಲ್ಲ. ಹೊಗೆಯ ಬಣ್ಣ ಎನ್ನುವಂತಿಲ್ಲ, ಬೂದಿಯ ಬಣ್ಣವೂ ಅಲ್ಲ. ರೋಹಿಣಿ ಮಳೆಗೆ ಮುಂಚೆ ಪಡುವಣದಲ್ಲಿ ಏಳುವ ಮೋಡದ ಬಣ್ಣ. ಬಿಸಿಲಿಗೆ ಹಿಡಿದರೆ ತುಪ್ಪಳದ ಬುಡದಿಂದ ನೀಲಿ ಏಳುತ್ತಿತ್ತು. ಗೌಸಬಿ ಅದಕ್ಕೆ ಬಾದಲ್ ಎಂದಳು, ಸುಮಿತ್ರಾಬಾಯಿ ಮುಗಿಲಪ್ಪ ಎಂದಳು. ಅದು ಎರಡು ಹೆಸರಿಗೂ ಕಿವಿ ಅಲ್ಲಾಡಿಸದೆ ಕುದುರೆಮೆಂತೆ ತಿನ್ನುತ್ತ ಕೂತಿತು.

ಕರಿ ಹೆಣ್ಣಿನೊಂದಿಗೆ ಅದರ ಜೋಡಿ ಮಾಡಿದರು. ಮರಿಗಳೆಲ್ಲ ಕರಿ, ಒಂದಕ್ಕೂ ಅಪ್ಪನ ಬಣ್ಣವಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆ ಮಾಡಿದವರು ಇದನ್ನು ನೋಡಿದ್ದರೆ ತಲೆದೂಗುತ್ತಿದ್ದರು. ಗೌಸಬಿಗೆ ಮಾತ್ರ ಊಟ ರುಚಿಸಲಿಲ್ಲ. ಆಗ ಸಮಾಧಾನ ಹೇಳಿದವಳು ಸುಮಿತ್ರಾಬಾಯಿ.

"ನಿನ್ನ ಅಲ್ಮಾಸಳ ಕಣ್ಣ ಎಲ್ಲಿಂದ ಬಂದೂ, ಹೇಳ ನೋಡೂಣು," ಎಂದಳು.

ಸಿಂದಗಿಗೆ ಮದುವೆ ಮಾಡಿಕೊಟ್ಟಿದ್ದ ಮಗಳು ಅಲ್ಮಾಸಳದು ಬೆಕ್ಕಿನ ಕಣ್ಣು. ಗೌಸಬಿಗಾಗಲಿ ಗೈಬುಸಾಬನಿಗಾಗಲಿ ಆ ಕಣ್ಣಿಲ್ಲ. ಇದ್ದದ್ದು ಅಜ್ಜ ಬಂದಗಿಸಾಬನಿಗೆ. ಗೌಸಬಿಯೂ ಗೈಬುಸಾಬನೂ ಅಣ್ಣತಮ್ಮಂದಿರ ಮಕ್ಕಳಾದ್ದರಿಂದ ಆ ಒಬ್ಬನೇ ಅಜ್ಜ ಇಬ್ಬರಿಗೂ ಅಜ್ಜ. ಅವನ ಕಣ್ಣು ಇಬ್ಬರೊಳಗೂ ಸದ್ದಿಲ್ಲದೆ ಕೂತಿದ್ದು, ಮಗಳ ಮುಖದಲ್ಲಿ ಭೇಟಿಯಾಗಿ ಹೊರಗೆ ಬಂದಿತ್ತು. ಮುಗಿಲ ಬಣ್ಣವೂ ಹಾಗೇ ಕರಿ ಮರಿಗಳೊಳಗೆ ಅಡಗಿ ಕೂತಿದೆ, ಎರಡು ಕಡೆಯಿಂದ ಕೂಡಿಸಿದರೆ ಹೊರಬೀಳುತ್ತದೆ ಎಂದು ಸುಮಿತ್ರಾಬಾಯಿ ಹೇಳಿದಾಗ, ಈ ಹೆಂಗಸಿನ ತಲೆಗೆ ಒಂದು ಕಿರೀಟ ಇಡಬೇಕು ಎನ್ನಿಸಿತು ಗೌಸಬಿಗೆ.

ಆದರೆ ಕೂಡಿಸುವುದು ಹೇಗೆ? ಸೋಲಾಪುರದಲ್ಲಿ ಮೊಲ ಮಾರುವವನನ್ನು ಕೇಳಿ ಬಂದ ಅಬ್ದುಲರಜಾಕ, ಅಪ್ಪನಿಗೇ ಮಗಳನ್ನು ಜೋಡಿ ಮಾಡಿ, ಇಲ್ಲವೆ ಅಣ್ಣನಿಗೆ ತಂಗಿಯನ್ನು ಮಾಡಿ, ಸಲೀಸಾಗಿ ಬರುತ್ತದೆ ಎಂದ. ಇಬ್ಬರೂ ಒಟ್ಟಿಗೆ ಕಿವಿ ಮುಚ್ಚಿಕೊಂಡರು. ಮೊಲವಾದರೇನು, ತಮ್ಮ ಹಿತ್ತಲಲ್ಲಿ ಬೆಳೆದವು, ತಮ್ಮ ಮಕ್ಕಳ ಹಾಗೆ. ಅವಕ್ಕೂ ಒಂದು ರೀತಿ ನೀತಿ ಬೇಡವೇ? ಮೊಲಕ್ಕೆ ಮನುಷ್ಯರ ನೀತಿ ಹಚ್ಚುವ ಈ ತಪ್ಪನ್ನು ಮೊಲ ಸಾಕುವ ಬೇರೆ ಯಾರೂ ಮಾಡಲಾರರು. ತಪ್ಪೆಂದರೂ ಅದರ ಮೇಲೆ ಪ್ರೀತಿ ಬರುತ್ತದೆ.

ಮರುವರ್ಷದ ಬೇಸಿಗೆಯಲ್ಲಿ ಬಾದಲ್ ಸತ್ತಿತು. ಗೂಡಿನ ಮೇಲೆ ಗೋಣಿತಟ್ಟು ಹೊದಿಸಿ ನೀರು ಹನಿಸಿದರೂ ಆ ಬಿಸಿಲನ್ನು ಅದು ತಾಳಲಿಲ್ಲ. ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡುವ ಮೊದಲು ಸಂಜೀವಕುಮಾರ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಡಬ್ಬಿಗಳನ್ನು ತೆಗೆದ. ಬಿಳಿಯಲ್ಲಿ ಕರಿ, ಕರಿಯಲ್ಲಿ ಒಂದು ಹನಿ ನೀಲಿ ಕಲಸಿ, ತುಪ್ಪಳಕ್ಕೆ ಹಚ್ಚಿ ನೋಡಿ, ಮತ್ತೆ ಕಲಸಿ, ದಿಡ್ಡಿ ಬಾಗಿಲ ಪಕ್ಕಕ್ಕೆ ಗೌಸಬಿಯ ಕಡೆಯ ಗೋಡೆಯ ಮೇಲೆ ಅಂಗೈಯಗಲ ಬಳಿದ. ಬಾದಲ್ ಹೋದರೂ ಅದರ ಬಣ್ಣ ಗೋಡೆಯ ಮೇಲೆ ಉಳಿಯಿತು. ಅಂದಿನಿಂದ ಹುಟ್ಟಿದ ಮರಿಯನ್ನೆಲ್ಲ ಗೌಸಬಿ ಆ ಬಣ್ಣದ ಮುಂದೆ ಹಿಡಿದು ನೋಡುವಳು. ಎಲ್ಲವೂ ಕರಿ.

ಬಾದಲ್‌ನ ಮಗ ಕಾಳ್ಯಾ ಸುಮಿತ್ರಾಬಾಯಿಯ ಕಡೆ ಇದ್ದ, ಅವನ ತಂಗಿ ಕಸ್ತೂರಿ ಗೌಸಬಿಯ ಕಡೆ. ಅವರ ತಮ್ಮನೊಬ್ಬನನ್ನು ಮರಿಯಿದ್ದಾಗಲೇ ಬಸವನ ಬಾಗೇವಾಡಿಯ ನಬಿಸಾಬನ ಮನೆಗೆ ಕೊಟ್ಟಿದ್ದರು. ಕಾಳ್ಯಾನ ಮಗಳಿಗೆ ಆ ತಮ್ಮನ ಮಗನನ್ನು ತರೋಣ ಎಂದು ಗೌಸಬಿ ಹೇಳಿದಾಗ ಸುಮಿತ್ರಾಬಾಯಿ ಹೌಹಾರಿದಳು. ಅಣ್ಣತಮ್ಮಂದಿರ ಮಕ್ಕಳೆಂದರೆ ಅಣ್ಣ ತಂಗಿಯೇ ಅಲ್ಲವೇ ಎಂದು ಕೇಳಿದವಳು, ಗೌಸಬಿಯ ಮುಖ ನೋಡಿ ನಾಲಗೆ ಕಚ್ಚಿಕೊಂಡಳು. ನಿಮ್ಮೊಳಗೆ ನಡೆಯುತ್ತದೆ, ಆದರೆ ನನ್ನ ಹಿತ್ತಲಲ್ಲಿ ನಡೆಯುವುದಿಲ್ಲ ಎಂದು ಮಾತು ತಿದ್ದಿಕೊಂಡಳು. ಗೌಸಬಿ ನಕ್ಕುಬಿಟ್ಟಳು. ಗೈಬುಸಾಬನಿಗೆ ಊಟಕ್ಕೆ ಬಡಿಸುತ್ತ, ನಾವಿಬ್ಬರೂ ಅಣ್ಣ ತಂಗಿಯಂತೆ ಎಂದು ಹೇಳಿ ಅವನನ್ನೂ ನಗಿಸಿದಳು.

ತೊಂಬತ್ತೆಂಟರ ಬೇಸಿಗೆ ಅದಕ್ಕಿಂತ ಕ್ರೂರವಾಗಿತ್ತು. ಹಾಸಿದ ಪರಸಿ ಕಲ್ಲಿನ ಮೇಲೆ ಬರಿಗಾಲಿಡುವಂತಿರಲಿಲ್ಲ. ಒಂದೊಂದಾಗಿ ಮೊಲಗಳು ಹೋದವು, ಕಸ್ತೂರಿಯೂ ಹೋಯಿತು. ಬಾಗೇವಾಡಿಯಲ್ಲೂ ಏನೂ ಉಳಿಯಲಿಲ್ಲ. ಮೊದಲ ಮಳೆ ಬೀಳುವ ಹೊತ್ತಿಗೆ ಆ ಬಳಗದಲ್ಲಿ ಉಳಿದದ್ದು ಇಬ್ಬರೇ: ಸುಮಿತ್ರಾಬಾಯಿಯ ಕಡೆ ಬಿಸಿಲಿಗೆ ಸೊರಗಿದ್ದ ಕಾಳ್ಯಾ, ಗೌಸಬಿಯ ಕಡೆ ಕಸ್ತೂರಿಯ ಮಗಳು ನಗೀನಾ. ಬಾದಲ್‌ನ ಬಣ್ಣ ಎಲ್ಲಿಯಾದರೂ ಅಡಗಿದ್ದರೆ ಇನ್ನು ಇವರಿಬ್ಬರೊಳಗೇ.

ಸುಮಿತ್ರಾಬಾಯಿ ದಿಡ್ಡಿಯಲ್ಲಿ ತಲೆ ಬಗ್ಗಿಸಿ ಬಂದಾಗ ಅವಳ ಮುಖ ಅರಳಿತ್ತು.

"ಶಿವಾನ ಕೂಡಿಸಿಟ್ಟಾನ, ಗೌಸಕ್ಕ. ಕಾಳ್ಯಾ ನಗೀನಾಗ ಸೋದರಮಾವ ಆಗತಾನ. ಇದಕ್ಕಿಂತ ಚಲೋ ಜೋಡಿ ಎಲ್ಲೈತಿ?"

ಗೌಸಬಿ ಕೌದಿಯಿಂದ ಕಣ್ಣೆತ್ತಲಿಲ್ಲ. ಸೂಜಿಗೆ ದಾರ ಪೋಣಿಸುತ್ತ, ಮನೆಯಲ್ಲಿ ಕೇಳಿ ಬೆಳೆದ ಮಾತನ್ನು ಯೋಚಿಸದೆ ಆಡಿಬಿಟ್ಟಳು.

"ತೋಬಾ. ನಮ್ಮೊಳಗ ಮಾವ ಅಂದ್ರ ಅಪ್ಪ ಇದ್ದಂಗ, ಸುಮಿತ್ರಾ. ಅಪ್ಪಗ ಮಗಳನ್ನ ಕೊಟ್ಟಂಗ ಆಗತೈತಿ. ಅಂಥಾದ್ರಾಗ ಒಳ್ಳೇದು ಹುಟ್ಟೂದಿಲ್ಲ."

ದಾರ ಸೂಜಿಯೊಳಗೆ ಹೋಯಿತು. ತಲೆ ಎತ್ತಿ ನೋಡಿದರೆ ಸುಮಿತ್ರಾಬಾಯಿ ಇರಲಿಲ್ಲ.

ಸುಮಿತ್ರಾಬಾಯಿ ರೇವಪ್ಪನ ಅಕ್ಕನ ಮಗಳು. ಯಂಕಂಚಿಯಲ್ಲಿ ಹುಟ್ಟಿ, ಸೋದರಮಾವನ ಕೈಹಿಡಿದು, ಅಜ್ಜಿಯ ಮನೆಗೇ ಸೊಸೆಯಾಗಿ ಬಂದವಳು. ಸಂಜೀವಕುಮಾರ ಕರೆದರೆ ತಿರುಗುವುದಿಲ್ಲ ಎಂದು ಬಿಜಾಪುರಕ್ಕೆ ತೋರಿಸಲು ಒಯ್ದಾಗ ಅಲ್ಲಿನ ಡಾಕ್ಟರೊಬ್ಬರು, ಬಳಗದೊಳಗೆ ಮದುವೆಯಾದದ್ದಕ್ಕೆ ಹೀಗಾಯಿತು, ರಕ್ತದಲ್ಲಿ ಅಡಗಿದ್ದು ಎರಡೂ ಕಡೆಯಿಂದ ಕೂಡಿ ಮೇಲೆ ಬಂತು ಎಂದಿದ್ದರು. ಅಂದು ಮನೆಗೆ ಬಂದು ಅವಳು ಅತ್ತದ್ದು ಗೌಸಬಿಯ ತೊಡೆಯ ಮೇಲೆ. ಊರೆಲ್ಲ ಮರೆಯಬಹುದಾಗಿದ್ದ ಆ ಸಂಗತಿಯನ್ನು ಗೌಸಬಿ ಮರೆಯಬಾರದಿತ್ತು. ಒಳ್ಳೆಯದು ಹುಟ್ಟುವುದಿಲ್ಲ ಎಂದು ಅವಳು ಹೇಳಿದ್ದು ಮೊಲಕ್ಕೆ, ಆದರೆ ಅದು ಹೋಗಿ ನೆಟ್ಟದ್ದು ತಾಯಿಯ ಎದೆಗೆ.

ಮರುದಿನ ದಿಡ್ಡಿ ಬಾಗಿಲು ತಳ್ಳಿದರೆ ತೆರೆಯಲಿಲ್ಲ. ಆ ಕಡೆಯಿಂದ ಅಗಳಿ ಬಿದ್ದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಗೌಸಬಿಗೆ ಅದರ ಅರ್ಥ ಆ ಮುಚ್ಚಿದ ಬಾಗಿಲ ಮುಂದೆ ಆಯಿತು. ತಪ್ಪಾಯಿತು ಎಂದು ಹೋಗಿ ಹೇಳಬಹುದಿತ್ತು. ಆದರೆ ಹೇಳುವುದೆಂದರೆ ಆ ಗಾಯದ ಹೆಸರೆತ್ತಬೇಕು, ಹೆಸರೆತ್ತಿದರೆ ಮತ್ತೆ ರಕ್ತ ಬರುತ್ತದೆ. ಹಾಗಾಗಿ ಸುಮ್ಮನಿದ್ದಳು. ಸುಮ್ಮನಿದ್ದಷ್ಟೂ ಬಾಗಿಲು ಭಾರವಾಯಿತು. ಸಂಜೀವಕುಮಾರ ಮಾತ್ರ ಬೀದಿಯಲ್ಲಿ ಎದುರಾದಾಗ ಎಂದಿನಂತೆ ನಕ್ಕು, ಎರಡು ಬೆರಳು ತಲೆಯ ಮೇಲೆ ಕಿವಿಯ ಹಾಗೆ ನಿಲ್ಲಿಸಿ ಮೊಲ ಹೇಗಿದೆ ಎಂದು ಕೇಳುತ್ತಿದ್ದ. ಆ ನಗೆಯನ್ನು ಎದುರಿಸುವುದು ಅವಳಿಗೆ ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು.

ನಾಗರಪಂಚಮಿ ಬಂತು. ಪಂಚಮಿಗೆ ಸುಮಿತ್ರಾಬಾಯಿ ಕಟ್ಟುವ ಉಂಡಿಗಳು, ಎಳ್ಳಿನವು, ಶೇಂಗಾದವು, ಬೇಸನ್ನಿನವು, ಮದುವೆಯಾಗಿ ಬಂದ ವರ್ಷದಿಂದ ದಿಡ್ಡಿ ಬಾಗಿಲಿನಿಂದಲೇ ಬರುತ್ತಿದ್ದವು. ಈ ಸಲವೂ ಬಂದವು, ಆದರೆ ಬೀದಿ ಬಾಗಿಲಿನಿಂದ. ರೇವಪ್ಪ ಹೊಸ ಅಂಗಿ ತೊಟ್ಟು, ತಾಟಿನ ಮೇಲೆ ಬಟ್ಟೆ ಮುಚ್ಚಿಕೊಂಡು, ನೆಂಟರ ಮನೆಗೆ ಬಂದವನ ಹಾಗೆ ಹೊಸ್ತಿಲ ಹೊರಗೆ ನಿಂತು ಕೊಟ್ಟುಹೋದ. ಗೌಸಬಿ ತಾಟು ಹಿಡಿದು ಒಳಗೆ ಬಂದವಳು ಒಂದು ಉಂಡಿಯನ್ನೂ ಮುರಿಯಲಾರದೆ ಕೂತಳು. ಉಂಡಿ ಕಳಿಸದಿದ್ದರೆ ಜಗಳವಾದರೂ ಆಡಬಹುದಿತ್ತು. ಇಷ್ಟು ಮರ್ಯಾದೆಯಿಂದ ಕಳಿಸಿದವಳೊಂದಿಗೆ ಏನು ಮಾಡುವುದು?

ಗೈಬುಸಾಬ ಉಂಡಿ ತಿನ್ನುತ್ತ ಹೆಂಡತಿಯ ಮುಖ ನೋಡಿದ. ಅವನು ಹೆಚ್ಚು ಮಾತಿನವನಲ್ಲ.

"ಆ ಮೊಲ ಏನ್ ನಮಾಜ ಮಾಡತೈತೋ, ಲಿಂಗಾ ಕಟ್ಟಿಕೊಂಡೈತೋ? ಅದರ ಸಂಬಂಧ ನೀವಿಬ್ರೂ ಯಾಕ ಒಣಗಾಕತ್ತೀರಿ?" ಎಂದ.

ಗೌಸಬಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಅತ್ತು ಮುಗಿಸಿ ಮುಖ ತೊಳೆದುಕೊಂಡಳು. ಪೆಟ್ಟಿಗೆಯಿಂದ ಕುಪ್ಪಸಕ್ಕೆಂದು ಇಟ್ಟಿದ್ದ ಹೊಸ ಬಟ್ಟೆಯ ಕಣ ತೆಗೆದಳು. ಉಂಡಿ ಬಂದ ಅದೇ ತಾಟಿನಲ್ಲಿ ಕಣ ಹಾಸಿ, ಒಂದು ತೆಂಗಿನಕಾಯಿ, ಒಂದು ಬಟ್ಟಲು ಸಕ್ಕರೆ ಇಟ್ಟಳು. ಆಮೇಲೆ ಹಿತ್ತಲಿಗೆ ಹೋಗಿ ನಗೀನಾಳನ್ನು ಎತ್ತಿಕೊಂಡು, ತುಪ್ಪಳ ಬಾಚಿ, ಸಣ್ಣ ಕೌದಿಯ ತುಂಡಿನಲ್ಲಿ ಸುತ್ತಿದಳು. ಒಂದು ಕೈಯಲ್ಲಿ ತಾಟು, ಇನ್ನೊಂದು ಕಂಕುಳಲ್ಲಿ ಮೊಲ, ಹಾಡುಹಗಲು, ಓಣಿಯವರೆಲ್ಲ ಜೋಕಾಲಿ ಬಿಟ್ಟು ನೋಡುತ್ತಿರುವಾಗ ಬೀದಿಯಿಂದಲೇ ಸುತ್ತಿ ಹೋಗಿ ಸುಮಿತ್ರಾಬಾಯಿಯ ಹೊಸ್ತಿಲ ಮುಂದೆ ನಿಂತಳು.

ಸುಮಿತ್ರಾಬಾಯಿ ಬಾಗಿಲಿಗೆ ಬಂದಳು. ಮೊದಲು ತಾಟು ನೋಡಿದಳು, ಆಮೇಲೆ ಮೊಲ, ಆಮೇಲೆ ಗೌಸಬಿಯನ್ನು.

"ನಮ್ಮ ಹುಡುಗಿನ ನಿಮ್ಮ ಮನಿಗೆ ಕೊಡಾಕ ಬಂದೇನಿ," ಎಂದಳು ಗೌಸಬಿ. ಅಲ್ಲಿಗೇ ನಿಲ್ಲಿಸಲಿಲ್ಲ. "ಸೋದರಮಾವಗಽ ಕೊಡಬೇಕಂತ ಬಂದೇನಿ. ಸೋದರಮಾವನ ಮನಿ ತುಂಬಿದಾಕಿ ಹೆಂಗ ಬಾಳೇ ಮಾಡತಾಳ ಅನ್ನೂದು ಇಷ್ಟ ವರ್ಷ ಗ್ವಾಡಿ ಆಚೆಯಿಂದ ನೋಡೇನಿ, ಸುಮಿತ್ರಾ. ನಿನ್ನಂಥಾಕಿನ್ನ ನಾ ಇನ್ನೊಬ್ಬಾಕಿನ್ನ ಕಂಡಿಲ್ಲ."

ಸುಮಿತ್ರಾಬಾಯಿ ಹೊಸ್ತಿಲು ದಾಟಿ ಹತ್ತಿರ ಬಂದಳು. ಕೌದಿಯ ತುಂಡು ಸರಿಸಿ ನಗೀನಾಳ ಮುಖ ನೋಡಿದಳು, ಗದ್ದ ಎತ್ತಿ ಹಲ್ಲು ನೋಡಿದಳು.

"ಹುಡುಗಿಗೆ ಅಡಗಿ ಬರ್ತೈತೇನು?" ಎಂದು ಕೇಳಿದಳು.

ಗೌಸಬಿ ಹೊಸ್ತಿಲ ಮೇಲೇ ಕೂತುಬಿಟ್ಟಳು. ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ, ಸುಮಿತ್ರಾಬಾಯಿಗೂ ಅದೇ ಗತಿ. ಹೋಗುವಾಗ ಬೀದಿಯಿಂದ ಹೋಗಲು ಅವಳು ಬಿಡಲಿಲ್ಲ. ಹಿತ್ತಲಿಗೆ ಕರೆದುಕೊಂಡು ಹೋಗಿ, ಕಾಳ್ಯಾನ ಗೂಡಿಗೆ ನಗೀನಾಳನ್ನು ತುಂಬಿಸಿ, ದಿಡ್ಡಿ ಬಾಗಿಲ ಅಗಳಿ ಎಳೆದಳು. ಬಹಳ ದಿನ ಬಳಸದ ಅಗಳಿಯನ್ನು ಸಿಟ್ಟಿನಲ್ಲಿ ಜಡಿದಿದ್ದಳೇನೋ, ತೆಗೆಯಲು ಇಬ್ಬರೂ ಕೈ ಹಚ್ಚಬೇಕಾಯಿತು.

ಅಲ್ಲಿಂದಾಚೆ ಕಾಯುವ ಕೆಲಸ. ಕಾಳ್ಯಾ ಇನ್ನೂ ಚೇತರಿಸಿಕೊಂಡಿರಲಿಲ್ಲ, ಬೇಸಿಗೆಯ ಬಿಸಿಲು ಗಂಡು ಮೊಲದ ಶಕ್ತಿ ಕುಂದಿಸುತ್ತದೆ ಎಂದೂ ಅವರಿಗೆ ಗೊತ್ತಿತ್ತು. ನಗೀನಾಳೊಳಗೆ ಬಣ್ಣ ಇಳಿದಿದೆಯೋ ಇಲ್ಲವೋ ದೇವರೇ ಬಲ್ಲ. ಇದ್ದರೂ ಎಲ್ಲ ಮರಿಗೂ ಬರುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಕರಿ ಮರಿಗಳೇ ಹುಟ್ಟಿದರೆ, ಒಳ್ಳೆಯದು ಹುಟ್ಟುವುದಿಲ್ಲ ಎಂದ ತನ್ನ ಮಾತೇ ಗೆದ್ದಂತಾಗುತ್ತದೆ ಎಂದು ಗೌಸಬಿ ಒಳಗೊಳಗೇ ಬೇಯುತ್ತಿದ್ದಳು. ತನ್ನ ಮಾತು ಸೋಲಲಿ ಎಂದು ಐದು ಹೊತ್ತೂ ಬೇಡಿಕೊಂಡಳು.

ಚೊಚ್ಚಲ ಬಾಣಂತನ ತವರಿನಲ್ಲಿ ಎಂದು ಸುಮಿತ್ರಾಬಾಯಿ ನಗೀನಾಳನ್ನು ಗೌಸಬಿಯ ಕಡೆಗೇ ಕಳಿಸಿದ್ದಳು. ತಿಂಗಳು ತುಂಬಿದಾಗ ನಗೀನಾ ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಹಾಸಿ ಮರಿ ಹಾಕಿತು. ಹುಟ್ಟಿದಾಗ ಮೊಲದ ಮರಿಗೆ ತುಪ್ಪಳ ಇರುವುದಿಲ್ಲ, ಬರೀ ತೊಗಲು. ತೊಗಲು ನೋಡಿ ಆಸೆಪಡಬಾರದೆಂದು ಗೌಸಬಿ ಗೂಡಿನ ಮೇಲೆ ಬಟ್ಟೆ ಮುಚ್ಚಿಟ್ಟಳು. ಆದರೂ ದಿನಾ ಒಮ್ಮೆ ಬಟ್ಟೆ ಎತ್ತಿ ನೋಡದೆ ಇರಲಾಗಲಿಲ್ಲ. ಎಲ್ಲವೂ ಕಪ್ಪಾಗುತ್ತ ಬಂದವು. ಮೂಲೆಯಲ್ಲಿ ಒಂದು ಮಾತ್ರ ಕಪ್ಪಾಗಲು ಯಾಕೋ ತಡಮಾಡುತ್ತಿತ್ತು. ಒಂದು ವಾರ ಕಳೆದು ಅದರ ಮೈಮೇಲೆ ವೆಲ್ವೆಟ್ಟಿನ ಹಾಗೆ ತುಪ್ಪಳ ಮೂಡಿದಾಗ, ಬಟ್ಟೆ ಎತ್ತಿದ ಕೈ ಹಾಗೇ ನಿಂತಿತು. ಗೌಸಬಿ ದಿಡ್ಡಿಯ ಹತ್ತಿರ ಹೋಗಿ ಸುಮಿತ್ರಾಬಾಯಿಯನ್ನು ಕೂಗಿದಳು.

ಆ ಮನೆಯ ಮೂವರೂ ಬಂದರು. ಸಂಜೀವಕುಮಾರ ಮರಿಯನ್ನು ಅಂಗೈಯಲ್ಲಿ ಹಿಡಿದು ಗೋಡೆಯ ಬಣ್ಣದ ಪಕ್ಕಕ್ಕೆ ಇಟ್ಟ. ನೋಡಿದ, ಹಿಂದೆ ಸರಿದು ನೋಡಿದ, ಹತ್ತಿರ ಬಂದು ನೋಡಿದ. ಆಮೇಲೆ ಇಲ್ಲ ಎಂದು ತಲೆಯಾಡಿಸಿದ.

ಗೌಸಬಿ ಗೂಡಿನ ಮೇಲೆ ಮತ್ತೆ ಬಟ್ಟೆ ಮುಚ್ಚಲು ತಿರುಗಿದಳು. ಆದರೆ ಅವನು ಬೆರಳೆತ್ತಿ ಸೂರ್ಯನನ್ನು ತೋರಿಸಿದ, ಗೋಡೆಯನ್ನು ತೋರಿಸಿದ, ಮರಿಯನ್ನು ತಾಯಿಯ ಕೈಗಿತ್ತು ಮನೆಗೆ ಓಡಿದ. ಡಬ್ಬಿಗಳೊಂದಿಗೆ ತಿರುಗಿ ಬಂದಾಗಲೇ ಅವರಿಗೆ ತಿಳಿದದ್ದು. ವರ್ಷಕ್ಕೂ ಹೆಚ್ಚು ಕಾಲದ ಬಿಸಿಲಿಗೆ ಗೋಡೆಯ ಬಣ್ಣ ಮಾಸಿತ್ತು. ತಪ್ಪಿದ್ದು ಗೋಡೆಯಲ್ಲಿ, ಮರಿಯಲ್ಲಲ್ಲ. ಅವನು ಬಿಳಿಯಲ್ಲಿ ಕರಿ ಕಲಸಿ, ಒಂದು ಹನಿ ನೀಲಿ ಬಿಟ್ಟು, ಮರಿಯ ಬೆನ್ನಿಗೆ ಹೊಂದಿಸಿ, ಹಳೆಯ ಬಣ್ಣದ ಮೇಲೆ ಹೊಸದನ್ನು ಎಳೆದ. ಮತ್ತೆ ಮರಿಯನ್ನು ಹಿಡಿದಾಗ ಅದು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಸಿಗಲಿಲ್ಲ. ಬಾದಲ್ ವಾಪಸು ಬಂದಿತ್ತು.

ರೇವಪ್ಪ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಸುಮಿತ್ರಾಬಾಯಿ ಕಣ್ಣು ಒರೆಸಿಕೊಳ್ಳದೆಯೇ ಮಾತಾಡಿದಳು. ಬಿಜಾಪುರದ ಆ ದಿನದ ಹೆಸರನ್ನು ಅವಳು ಅಷ್ಟು ವರ್ಷಗಳಲ್ಲಿ ಎತ್ತಿದ್ದು ಅದೇ ಮೊದಲು.

"ರಕ್ತದಾಗ ಅಡಗಿದ್ದು ಎರಡೂ ಕಡಿಂದ ಕೂಡಿ ಮ್ಯಾಲ ಬಂತು ಅಂದಿದ್ರು ಆ ಡಾಕ್ಟರು. ಇದೂ ಹಂಗಽ ಬಂದೈತಿ ನೋಡ, ಗೌಸಕ್ಕ."

ಗೌಸಬಿ ಮರಿಯನ್ನು ನೋಡಿದಳು. ಅದನ್ನು ಹಿಡಿದು ನಿಂತ, ಗದ್ದಕ್ಕೆಲ್ಲ ಬಣ್ಣ ಮೆತ್ತಿಕೊಂಡು ನಗುತ್ತಿದ್ದ ಸಂಜೀವಕುಮಾರನನ್ನು ನೋಡಿದಳು.

"ಎರಡೂ ಚಂದನಽ ಬಂದಾವ," ಎಂದಳು.

ಸುಮಿತ್ರಾಬಾಯಿ ಸೆರಗಿನ ತುದಿಯಿಂದ ಮಗನ ಗದ್ದದ ಬಣ್ಣ ಒರೆಸಿದಳು. ಗೌಸಬಿ ಬೀಗರಿಗೆ ಚಹಾ ಮಾಡಲು ಒಳಗೆ ಹೋದಳು.